ಆಕ್ಸಿಲರೇಟರ್ ಸಿಕ್ಕಿಕೊಂಡಾಗ ಕಾರನ್ನು ನಿಲ್ಲಿಸುವುದು ಹೇಗೆ?

ಮಾಮೂಲ್‌ಪೇಟೆಯ ಕಿರಿದಾದ ಬೀದಿಗಳಲ್ಲಿ ಕೈಗಾಡಿಗಳು, ಮೂಟೆ ಹೊತ್ತ ಕೂಲಿಯವರು, ಸರಕಿನ ಆಟೋಗಳು, ಮಕ್ಕಳ ಕೈ ಹಿಡಿದು ಬಂದ ತಾಯಂದಿರು ಎಲ್ಲರೂ ಒಂದೇ ದಾರಿಯಲ್ಲಿ ಸಾಗಬೇಕು. ಅಂತಹ ಕಡೆ ಹತ್ತು ಗಜ ಮುಂದೆ ನುಗ್ಗಿದ ಕಾರು ಸಹ ಅನಾಹುತವನ್ನು ತರಬಲ್ಲದು. ಕಾಲು ತೆಗೆದರೂ ಆಕ್ಸಿಲರೇಟರ್ ಮೇಲೇಳದೆ ವಾಹನವು ಓಡತೊಡಗಿದರೆ ಏನು ಮಾಡಬೇಕೆಂಬುದನ್ನು ಮನೆಮಂದಿಯನ್ನು ಕೂರಿಸಿಕೊಂಡು ಹೊರಡುವವರೆಲ್ಲರೂ ಮೊದಲೇ ಅರಿತಿರಬೇಕು.

ಹಳೆಯ ಕಾರುಗಳಲ್ಲಿ ಕೇಬಲ್ ತುಕ್ಕು ಹಿಡಿದೋ, ಸ್ಪ್ರಿಂಗ್ ಸಡಿಲವಾಗಿಯೋ ಈ ತೊಂದರೆ ಉಂಟಾಗುತ್ತಿತ್ತು. ಈಗಿನ ಹೆಚ್ಚಿನ ಕಾರುಗಳಲ್ಲಿ ಆ ಕೇಬಲ್ಲೇ ಇಲ್ಲ. ಆದರೂ ಕಾಲಡಿಯ ಮ್ಯಾಟ್ ಮುಂದಕ್ಕೆ ಜರುಗಿ ಪೆಡಲನ್ನು ಒತ್ತಿಹಿಡಿಯುವ ಅಪಾಯವು ತಪ್ಪಿಲ್ಲ.

2009ರ ಆಗಸ್ಟ್ 28ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲೆಕ್ಸಸ್ ಕಾರೊಂದು ಹೀಗೆಯೇ ಹತೋಟಿ ತಪ್ಪಿ, ಒಂದೇ ಕುಟುಂಬದ ನಾಲ್ವರು ಮೃತಪಟ್ಟರು. ಕಾರು ನಡೆಸುತ್ತಿದ್ದವರು ಅನುಭವಿ ಹೆದ್ದಾರಿ ಪೊಲೀಸ್ ಅಧಿಕಾರಿ. ಬೇರೆ ಮಾದರಿಯ ವಾಹನಕ್ಕೆಂದು ಮಾಡಿದ ಮ್ಯಾಟ್ ಪೆಡಲಿಗೆ ಸಿಕ್ಕಿಕೊಂಡಿತ್ತೆಂಬುದು ತನಿಖೆಯ ನಿರ್ಣಯ. ಕೆಲವೇ ದಿನಗಳ ಹಿಂದೆ ಅದೇ ಕಾರನ್ನು ಎರವಲು ಪಡೆದಿದ್ದ ಮತ್ತೊಬ್ಬರಿಗೂ ಇದೇ ವಿಪತ್ತು ಎದುರಾಗಿತ್ತು. ಅವರು ಬ್ರೇಕ್ ಒತ್ತಿ, ಗೇರನ್ನು ನ್ಯೂಟ್ರಲಿಗೆ ತಂದು ಪಾರಾದರು. ಕಾರು ಒಂದೇ, ಮ್ಯಾಟೂ ಒಂದೇ. ಉಳಿಸಿದ್ದು ಸಮಯಕ್ಕೆ ಒದಗಿದ ಆ ಉಪಾಯ.

ಆದುದರಿಂದ ಕ್ರಮವನ್ನು ಮನದಟ್ಟು ಮಾಡಿಕೊಳ್ಳಿರಿ. ಮೊದಲು ಬ್ರೇಕನ್ನು ಪೂರ್ಣಬಲದಿಂದ ಒತ್ತಿ, ಬಿಡದೆ ಹಿಡಿಯಬೇಕು. ಬಿಟ್ಟು ಬಿಟ್ಟು ಒತ್ತಬಾರದು. ಪೆಟ್ರೋಲ್ ಎಂಜಿನ್ ಪೂರ್ಣ ವೇಗದಲ್ಲಿರುವಾಗ ಬ್ರೇಕಿಗೆ ನೆರವಾಗುವ ನಿರ್ವಾತ ಶಕ್ತಿಯು ಒಂದೆರಡು ಸಲಕ್ಕೇ ಮುಗಿದು, ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಎರಡನೆಯದಾಗಿ, ಗೇರನ್ನು ನ್ಯೂಟ್ರಲಿಗೆ ತರಬೇಕು. ಕ್ಲಚ್ ಇರುವ ಕಾರಾದರೆ ಕ್ಲಚ್ಚನ್ನು ಪೂರ್ತಿ ಒತ್ತಿ ತರಬೇಕು. ಎಂಜಿನ್ ಆರ್ಭಟಿಸಿದರೆ ಅಂಜಬೇಡಿರಿ. ಅದರ ಶಕ್ತಿಯು ಆಗ ಚಕ್ರಗಳನ್ನು ಮುಟ್ಟದು. ಬಳಿಕ ಎಚ್ಚರಿಕೆಯ ದೀಪ ಹಾಕಿ, ಹಾರ್ನ್ ಮಾಡುತ್ತಾ ರಸ್ತೆಯ ಅಂಚಿಗೆ ಬಂದು ನಿಲ್ಲಿಸಿ, ಎಂಜಿನ್ ಆರಿಸಿ, ಕೈಬ್ರೇಕ್ ಹಾಕಬೇಕು.

ನ್ಯೂಟ್ರಲಿಗೆ ಬಾರದಿದ್ದರೆ ಮಾತ್ರ ಓಡುವಾಗಲೇ ಎಂಜಿನ್ ಆರಿಸಬೇಕು. ಆಗ ಕೀಲಿಯನ್ನು ಒಂದು ಹಂತ ಮಾತ್ರ ತಿರುಗಿಸಬೇಕು. ಹೊರಗೆ ತೆಗೆದರೆ ಸ್ಟೀರಿಂಗ್ ಬೀಗ ಬಿದ್ದೀತು. ಗುಂಡಿಯ ಕಾರುಗಳಲ್ಲಿ ಗುಂಡಿಯನ್ನು ಕೆಲವು ಸೆಕೆಂಡುಗಳವರೆಗೆ ಒತ್ತಿಹಿಡಿಯಬೇಕಾಗಬಹುದು. ತಮ್ಮ ಕಾರಿನ ರೀತಿಯನ್ನು ಕೈಪಿಡಿಯಲ್ಲಿ ನೋಡಿಟ್ಟುಕೊಳ್ಳಿರಿ. ಎಂಜಿನ್ ಆರಿದೊಡನೆ ಸ್ಟೀರಿಂಗ್ ಭಾರವಾಗುತ್ತದೆಂಬುದು ನೆನಪಿರಲಿ. ಓಡುವ ಕಾರಿನಲ್ಲಿ ಬಗ್ಗಿ ಪೆಡಲನ್ನು ಕೈಯಿಂದ ಎಳೆಯಲು ಎಂದಿಗೂ ಹೋಗಬಾರದು. ಗಾಬರಿಯಲ್ಲಿ ಬ್ರೇಕೆಂದು ಆಕ್ಸಿಲರೇಟರನ್ನೇ ತುಳಿಯುವುದೂ ಉಂಟು. ಕಾಲು ಎಲ್ಲಿದೆಯೆಂದು ಗಮನಿಸಬೇಕು.

ಮುನ್ನೆಚ್ಚರಿಕೆಗೆ ಖರ್ಚಿಲ್ಲ. ಆಯಾ ಕಾರಿಗೆ ಹೊಂದುವ ಒಂದೇ ಮ್ಯಾಟ್ ಇರಲಿ, ಅದು ಕೊಕ್ಕೆಗೆ ಸಿಕ್ಕಿಸಿರಲಿ. ಒಂದರ ಮೇಲೊಂದು ಹಾಸಬಾರದು. ಚಾಲಕರ ಕಾಲ ಬಳಿ ನೀರಿನ ಬಾಟಲಿ, ಚಪ್ಪಲಿ ಬೇಡ. ಪೆಡಲ್ ಒಮ್ಮೆ ಬಿಗಿಯೆನಿಸಿದರೂ ಮೆಕ್ಯಾನಿಕ್‌ಗೆ ತೋರಿಸದೆ ಹೊರಡಬಾರದು. ಬಿಡುವಿನ ದಿನ, ಬಯಲಿನಲ್ಲಿ ನಿಧಾನವಾಗಿ ಸಾಗುತ್ತಾ ನ್ಯೂಟ್ರಲಿಗೆ ತರುವ ಅಭ್ಯಾಸವನ್ನು ಮನೆಯಲ್ಲಿ ಕಾರು ನಡೆಸುವ ಎಲ್ಲರೂ ಮಾಡಿಕೊಳ್ಳಲಿ. ಆಪತ್ತಿನಲ್ಲಿ ಕೈಗೆ ಬರುವುದು ಅಭ್ಯಾಸವಾದದ್ದು ಮಾತ್ರ.