ಕಬ್ಬಿನ ಹಾಲಿಗೊಂದು ತೇಲುಮಾಪಕ

ಒಂದು ಕ್ವಿಂಟಲ್ ಬೆಲ್ಲ ಇಳಿಸಲು ಎಷ್ಟು ಕಬ್ಬಿನ ಹಾಲು ಬೇಕು? ಕಂಪ್ಲಿ ಕಡೆಯ ಯಾವ ಆಲೆಮನೆಯಲ್ಲಿ ಕೇಳಿದರೂ ‘ಅದು ಹಾಲಿನ ಮೇಲೆ ಹೋಗ್ತದೆ’ ಅನ್ನುತ್ತಾರೆ. ಸರಿಯಾದ ಮಾತೇ. ಹಾಲು 18 ಬ್ರಿಕ್ಸ್ ಇದ್ದರೆ ಸುಮಾರು 530 ಕಿಲೊ ಸಾಕು. 15 ಬ್ರಿಕ್ಸ್ ಇದ್ದರೆ 630 ದಾಟುತ್ತದೆ. ನಡುವಿನ ನೂರು ಕಿಲೊ ಬರೀ ನೀರು. ಅಷ್ಟನ್ನೂ ಕೊಪ್ಪರಿಗೆಯಲ್ಲಿ ಕುದಿಸಿ ಆವಿ ಮಾಡಲು ಒಲೆಗೆ ಸಿಪ್ಪೆ ಸುರಿಯಬೇಕು. ಬೆಲ್ಲದ ತೂಕ ಮಾತ್ರ ಒಂದು ಹಿಡಿಯೂ ಹೆಚ್ಚುವುದಿಲ್ಲ.

ಬ್ರಿಕ್ಸ್ ಅಂದರೆ ನೂರು ಗ್ರಾಂ ದ್ರಾವಣದಲ್ಲಿ ಕರಗಿರುವ ಸಕ್ಕರೆಯ ಗ್ರಾಂ ಲೆಕ್ಕ. 19ನೇ ಶತಮಾನದ ಜರ್ಮನಿಯ ಅಡಾಲ್ಫ್ ಬ್ರಿಕ್ಸ್ ಎಂಬಾತನ ಹೆಸರು ಅದಕ್ಕೆ ಅಂಟಿಕೊಂಡಿದೆ. ಅದನ್ನು ಅಳೆಯುವ ಹಳೆಯ ಸಾಧನವೇ ತೇಲುಮಾಪಕ, ಅಂದರೆ ಹೈಡ್ರೋಮೀಟರ್: ಕೆಳಗೆ ಸೀಸದ ಗುಂಡು ತುಂಬಿದ ಗಾಜಿನ ಬುರುಡೆ, ಮೇಲೆ ಗೆರೆ ಹಾಕಿದ ತೆಳ್ಳನೆಯ ಕೊಳವೆ. ವಿದ್ಯುತ್ ಬೇಡ, ಬ್ಯಾಟರಿ ಬೇಡ.

ಇದರ ಜಾಣತನವೆಲ್ಲ ಆ ಕೊಳವೆಯ ತೆಳುವಿನಲ್ಲಿದೆ. ತೇಲುವ ವಸ್ತು ತನ್ನ ತೂಕದಷ್ಟೇ ದ್ರವವನ್ನು ಪಕ್ಕಕ್ಕೆ ಸರಿಸುತ್ತದೆ ಎಂಬುದು ಆರ್ಕಿಮಿಡೀಸನ ಕಾಲದಿಂದ ಗೊತ್ತಿರುವ ಸಂಗತಿ. 50 ಗ್ರಾಂ ತೂಗುವ ತೇಲುಮಾಪಕ ನೀರಿನಲ್ಲಿ 50 ಮಿಲಿಲೀಟರ್ ಜಾಗ ಹಿಡಿಯುತ್ತದೆ. 18 ಬ್ರಿಕ್ಸ್‌ನ ಹಾಲು ನೀರಿಗಿಂತ 1.074 ಪಟ್ಟು ಭಾರ. ಅದರಲ್ಲಿ 46.5 ಮಿಲಿಲೀಟರ್ ಸಾಕಾಗುತ್ತದೆ. ವ್ಯತ್ಯಾಸ ಮೂರೂವರೆ ಮಿಲಿಲೀಟರ್, ಒಂದು ಚಮಚೆಗೂ ಕಡಿಮೆ. ಆದರೆ ಕೊಳವೆಯ ಅಡ್ಡಕೊಯ್ತ ಕಾಲು ಚದರ ಸೆಂಟಿಮೀಟರ್ ಇದ್ದರೆ ಅಷ್ಟಕ್ಕೇ ಅದು 14 ಸೆಂಟಿಮೀಟರ್ ಮೇಲೇಳುತ್ತದೆ. ಕಣ್ಣಿಗೆ ಕಾಣದ ವ್ಯತ್ಯಾಸ ಒಂದು ಗೇಣಿನ ಹತ್ತಿರಕ್ಕೆ ಬಂತು. ಅಗ್ಗದ ಸಾಧನವೊಂದರಿಂದ ಇದಕ್ಕಿಂತ ಹೆಚ್ಚು ಕೇಳುವುದು ದುರಾಸೆ.

ಆದರೆ ಅಳೆಯುವ ಕೈಗೆ ತಾಳ್ಮೆ ಬೇಕು. ಗಾಣದಿಂದ ಆಗಷ್ಟೇ ಇಳಿದ ಹಾಲಿನ ತುಂಬ ನೊರೆ, ಸಿಪ್ಪೆಯ ಪುಡಿ. ಗಾಳಿಗುಳ್ಳೆ ಸೇರಿದ ಹಾಲು ಹಗುರ, ಅಂಕಿ ಕಡಿಮೆ ಬರುತ್ತದೆ. ಮಣ್ಣು ಸೇರಿದ್ದರೆ ಅಂಕಿ ಏರುತ್ತದೆ. ಸೋಸಿ, ಎತ್ತರದ ಪಾತ್ರೆಗೆ ಸುರಿದು, ನೊರೆ ಇಳಿಯುವವರೆಗೆ ಕಾಯಬೇಕು. ಹಾಗಂತ ಬಹಳ ಹೊತ್ತು ಬಿಟ್ಟರೆ ಹಾಲೇ ಹುಳಿಯುತ್ತದೆ.

ಇನ್ನೊಂದು ತಕರಾರು ಬಿಸಿಲಿನದು. ಮಾಪಕದ ಗೆರೆಗಳು ಒಂದು ನಿಗದಿತ ಉಷ್ಣತೆಗೆ, ಸಾಮಾನ್ಯವಾಗಿ 20 ಡಿಗ್ರಿಗೆ, ಹೊಂದಿಸಿದವು. ಜನವರಿಯ ಬೆಳಗಿನ ಜಾವ 20 ಡಿಗ್ರಿಯಲ್ಲಿ 18 ತೋರಿಸಿದ ಹಾಲು ಮಧ್ಯಾಹ್ನ 30 ಡಿಗ್ರಿಗೆ ಕಾದರೆ ಹಿಗ್ಗಿ ಹಗುರಾಗಿ ಅರ್ಧ ಬ್ರಿಕ್ಸ್‌ಗಿಂತಲೂ ಹೆಚ್ಚು ಕಡಿಮೆ ತೋರಿಸುತ್ತದೆ. ಸಕ್ಕರೆ ಎಲ್ಲೂ ಹೋಗಿಲ್ಲ. ಉಷ್ಣಮಾಪಕ ಜೊತೆಗಿಲ್ಲದೆ ಬ್ರಿಕ್ಸ್ ಓದಿದವರ ಜಗಳಕ್ಕೆ ಕೊನೆಯಿಲ್ಲ.

ಈ ಭಾಗದ ಕಬ್ಬು ವಿಜಯನಗರದ ಅರಸರ ಕಾಲದ ನೀರು ಕುಡಿದು ಬೆಳೆಯುವುದು. ರಾಯ ಕಾಲುವೆ, ಬಸವಣ್ಣ ಕಾಲುವೆ, ಹಂಪಿಯ ಬಂಡೆಗಳ ನಡುವಿನ ತುರ್ತು ಕಾಲುವೆ ಇವತ್ತಿಗೂ ಬಾಳೆ, ಕಬ್ಬಿಗೆ ಹರಿಯುತ್ತಿವೆ. ಹೊಸಪೇಟೆಯ ಐಎಸ್‌ಆರ್ ಸಕ್ಕರೆ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಆ ಕಬ್ಬು ಆಲೆಮನೆ ಸೇರಬೇಕು, ಇಲ್ಲವೇ ಲಾರಿ ಹತ್ತಿ ದೂರದ ಕಾರ್ಖಾನೆಗೆ ಹೋಗಬೇಕು. ತೇಲುಮಾಪಕ ಮೋಸ ಹೋಗುವುದು ಈ ದಾರಿಯಲ್ಲೇ. ಕಡಿದ ಕಬ್ಬು ಬಿಸಿಲಲ್ಲಿ ಒಣಗಿದಷ್ಟೂ ನೀರು ಕಳೆದುಕೊಳ್ಳುತ್ತದೆ, ಬ್ರಿಕ್ಸ್ ಏರುತ್ತದೆ. ಅದೇ ಹೊತ್ತಿಗೆ ಒಳಗಿನ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತಿರುತ್ತದೆ. ಇವು ಸುಲಭವಾಗಿ ಹರಳುಗಟ್ಟುವುದಿಲ್ಲ, ಬೆಲ್ಲಕ್ಕೆ ಗಟ್ಟಿತನ ಕೊಡುವುದಿಲ್ಲ. ಅಂಕಿ ಚೆನ್ನಾಗಿದೆ, ಸರಕು ಕೆಟ್ಟಿದೆ. ಆದ್ದರಿಂದಲೇ ಕಾರ್ಖಾನೆಗಳು ಬ್ರಿಕ್ಸ್ ಜೊತೆಗೆ ಪೋಲಾರಿಮೀಟರ್‌ನಲ್ಲಿ ಸುಕ್ರೋಸನ್ನೂ ಅಳೆದು ಶುದ್ಧತೆಯ ಶೇಕಡಾವಾರು ಕಟ್ಟುತ್ತವೆ.

ಉಪ್ಪೂ ಹೀಗೇ ಆಟವಾಡಿಸುತ್ತದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ನೀರು ನಿಂತು ಸವಳಾದ ಜಮೀನು ಬೇಕಾದಷ್ಟಿದೆ. ಅಂಥ ನೆಲದ ಕಬ್ಬಿನ ಹಾಲಿನಲ್ಲಿ ಕರಗಿದ ಲವಣವನ್ನೂ ಮಾಪಕ ಸಕ್ಕರೆ ಎಂದೇ ಎಣಿಸುತ್ತದೆ. ಅಂಕಿ ನಂಬಿ ಕಬ್ಬು ಕೊಂಡವರಿಗೆ ಸಿಗುವುದು ಬೇಗ ನೀರಾಡುವ, ಬಾಯಿಗೆ ಉಪ್ಪುಪ್ಪಾಗುವ ಬೆಲ್ಲ. ಹಾಲಿನ ಡೇರಿಯ ಲ್ಯಾಕ್ಟೋಮೀಟರ್ ಇದೇ ಜಾತಿಯದು. ಕೆನೆ ತೆಗೆದರೆ ಹಾಲು ಭಾರವಾಗುತ್ತದೆ, ನೀರು ಬೆರೆಸಿದರೆ ಹಗುರಾಗುತ್ತದೆ. ಎರಡನ್ನೂ ಮಾಡಿದ ಚತುರನ ಹಾಲು ಸರಿಯಾದ ಗೆರೆಗೇ ಬಂದು ನಿಲ್ಲುತ್ತದೆ. ಅದಕ್ಕೇ ಡೇರಿಯಲ್ಲಿ ಜಿಡ್ಡಿನ ಪರೀಕ್ಷೆ ಬೇರೆಯಾಗಿ ನಡೆಯುವುದು.

ಪಾಕ ದಪ್ಪಗಾಗುತ್ತ ಹೋದಂತೆ ಗಾಜಿನ ಮಾಪಕ ನಿರುಪಯೋಗಿ. ಕುದಿಯುವ ಕೊಪ್ಪರಿಗೆಯಲ್ಲಿ ಅದು ನೆಟ್ಟಗೆ ನಿಲ್ಲಲಾರದು. ಆಗ ಹದಗಾರ ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟುತ್ತಾನೆ. ಉಷ್ಣಮಾಪಕವೂ ಅದನ್ನೇ ಹೇಳಬಲ್ಲದು, ಏಕೆಂದರೆ ಸಾಂದ್ರತೆ ಏರಿದಂತೆ ಕುದಿಬಿಂದುವೂ ಏರುತ್ತದೆ. ಅಚ್ಚಿನ ಬೆಲ್ಲಕ್ಕೆ ಪುಸ್ತಕಗಳು ಹೇಳುವುದು 116ರಿಂದ 118 ಡಿಗ್ರಿ. ಹೊಸಪೇಟೆ ಸಮುದ್ರ ಮಟ್ಟದಿಂದ ಸುಮಾರು 480 ಮೀಟರ್ ಮೇಲಿದೆ, ಇಲ್ಲಿ ನೀರು ಕುದಿಯುವುದೇ ತೊಂಬತ್ತೆಂಟೂವರೆ ಡಿಗ್ರಿಯ ಆಸುಪಾಸಿನಲ್ಲಿ. ಪುಸ್ತಕದ ಅಂಕಿಯಿಂದ ಆ ಒಂದೂವರೆ ಡಿಗ್ರಿ ಕಳೆಯದಿದ್ದರೆ ತಳ ಹಿಡಿದೀತು.

ದೊಡ್ಡ ಕಾರ್ಖಾನೆಗಳಲ್ಲಿ ಈಗ ಪಾಕ ಹರಿಯುವ ಕೊಳವೆಯನ್ನೇ ಕಂಪಿಸುವಂತೆ ಮಾಡಿ ಅಳೆಯುತ್ತಾರೆ. ಜಲತರಂಗದ ಬಟ್ಟಲಿನಲ್ಲಿ ನೀರು ಹೆಚ್ಚಾದರೆ ಸ್ವರ ಇಳಿಯುವಂತೆ, ಒಳಗಿನ ಪಾಕ ಭಾರವಾದಷ್ಟೂ ಕೊಳವೆಯ ಕಂಪನ ನಿಧಾನವಾಗುತ್ತದೆ. ಆಸ್ಟ್ರಿಯಾದ ಆಂಟನ್ ಪಾರ್ ಕಂಪನಿ ಈ ತತ್ವದ ಡಿಜಿಟಲ್ ಸಾಂದ್ರತಾಮಾಪಕವನ್ನು 1967ರಲ್ಲಿ ಹೊರತಂದಿತು. ನಮ್ಮ ಆಲೆಮನೆಗಳಿಗೆ ಅದರ ಬೆಲೆ ಎಟುಕದು, ಬೇಕಾಗಿಯೂ ಇಲ್ಲ.

ಬೇಕಾದದ್ದು ಕಬ್ಬು ಇನ್ನೂ ಹೊಲದಲ್ಲಿ ನಿಂತಿರುವಾಗಲೇ ಒಂದು ತಪಾಸಣೆ. ಅದಕ್ಕೆ ತೊಟ್ಟು ಹಾಲಿನಲ್ಲಿ ಬೆಳಕು ಬಾಗುವುದನ್ನು ನೋಡಿ ಬ್ರಿಕ್ಸ್ ಹೇಳುವ ಕೈ ವಕ್ರೀಭವನಮಾಪಕ, ಅಂದರೆ ರಿಫ್ರಾಕ್ಟೋಮೀಟರ್ ಸಾಕು. ಗಳದ ತುದಿಯಿಂದ ಒಂದು ತೊಟ್ಟು, ಬುಡದಿಂದ ಒಂದು ತೊಟ್ಟು ಹಾಕಿ ನೋಡಿ. ಎರಡೂ ಅಂಕಿ ಹತ್ತಿರ ಬಂದು 18 ಮುಟ್ಟಿದರೆ ಕಬ್ಬು ಮಾಗಿದೆ. ಬುಡ 19, ತುದಿ 13 ಇದ್ದರೆ ಕಟಾವಿನ ಗ್ಯಾಂಗಿಗೆ ಇನ್ನೂ ಹೇಳಿ ಕಳಿಸಬೇಡಿ.