ಟ್ಯಾಂಕರ್ ಎಳೆಯೋ ಹಳೇ ಟ್ರ್ಯಾಕ್ಟರ್: ಎರಡು ಬ್ರೇಕ್ ಪೆಡಲ್‌ಗಳ ಲೆಕ್ಕ

ಪಾಡ್‌ಕಾಸ್ಟ್‌ನ ಈ ವಾರದ ಸಂಚಿಕೆಯ ಬರಹರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ತಿದ್ದಲಾಗಿದೆ.

ಮಹದೇವಪುರ, ಹೂಡಿ, ಗರುಡಾಚಾರ್ ಪಾಳ್ಯ, ವರ್ತೂರು ಕಡೆ ಇರೋರಿಗೆ ಇದು ದಿನಾ ಕಾಣೋ ನೋಟ. ಮುಂದೆ ಬಣ್ಣ ಮಾಸಿದ ಹಳೇ ಟ್ರ್ಯಾಕ್ಟರ್, ಹಿಂದೆ ನೀರು ತುಳುಕಿಸ್ತಾ ಬರೋ ಟ್ಯಾಂಕರ್, ಅದರ ಹಿಂದೆ ಹಾರ್ನ್ ಹೊಡೀತಾ ಕ್ಯಾಬ್‌ಗಳ ಸಾಲು. ನೀರಿನ ರೇಟ್ ಬಗ್ಗೆ ನಾವು ಬೇಕಾದಷ್ಟು ಮಾತಾಡಿದ್ದೀವಿ. ಇವತ್ತು ಆ ಟ್ರ್ಯಾಕ್ಟರ್ ಹೇಗೆ ನಿಲ್ಲುತ್ತೆ ಅನ್ನೋದನ್ನ ನೋಡೋಣ.

ಸ್ವಲ್ಪ ಹಿನ್ನೆಲೆ. 2007ರಲ್ಲಿ ಮಹದೇವಪುರ ಬಿಬಿಎಂಪಿಗೆ ಸೇರಿತು. ಸುತ್ತಲಿನ 110 ಹಳ್ಳಿಗಳೂ ಆಗಲೇ ನಗರದೊಳಗೆ ಬಂದವು. ಹೊಲಗಳು ಲೇಔಟ್ ಆದವು, ಆದರೆ ಕಾವೇರಿ ನೀರು ಅಷ್ಟು ಬೇಗ ಬರಲಿಲ್ಲ. ಆ ಹಳ್ಳಿಗಳಿಗೆ ಅಂತಲೇ ರೂಪಿಸಿದ ಕಾವೇರಿ 5ನೇ ಹಂತ, ದಿನಕ್ಕೆ 77.5 ಕೋಟಿ ಲೀಟರ್‌ನ ಯೋಜನೆ, ಉದ್ಘಾಟನೆ ಆಗಿದ್ದು 2024ರ ಅಕ್ಟೋಬರ್ 16ಕ್ಕೆ. ನಡುವಿನ ವರ್ಷಗಳಲ್ಲಿ ಬೋರ್‌ವೆಲ್ ಮತ್ತು ಟ್ಯಾಂಕರ್‌ಗಳೇ ಗತಿ. ಉಳೋಕೆ ಹೊಲ ಇಲ್ಲದ ಟ್ರ್ಯಾಕ್ಟರ್‌ಗೆ ಹೊಸ ಕೆಲಸ ಸಿಕ್ಕಿತು.

ಟ್ರ್ಯಾಕ್ಟರ್ ಈ ಊರಿಗೆ ಅಪರಿಚಿತ ಅಲ್ಲ. 1967ರಲ್ಲಿ ಶುರುವಾದ, ಪವರ್ ಟಿಲ್ಲರ್‌ಗೆ ಹೆಸರಾದ ವಿಎಸ್‌ಟಿ ಟಿಲ್ಲರ್ಸ್ ಟ್ರ್ಯಾಕ್ಟರ್ಸ್ ಕಂಪನಿಯ ವಿಳಾಸದಲ್ಲೇ ಮಹದೇವಪುರ ಪೋಸ್ಟ್ ಅಂತ ಇದೆ. ಆದರೆ ಟ್ಯಾಂಕರ್ ಎಳೆಯೋದು ಅದಕ್ಕಿಂತ ದೊಡ್ಡ ಗಾಡಿಗಳು: ಹಳೇ ಮ್ಯಾಸಿ ಫರ್ಗ್ಯುಸನ್, ಮಹೀಂದ್ರ, ಐಷರ್.

ಹೊಲದ ಬ್ರೇಕ್, ರಸ್ತೆಯ ಕೆಲಸ

ಕಾರಿಗೆ ನಾಲ್ಕೂ ಚಕ್ರಕ್ಕೆ ಬ್ರೇಕ್ ಇರುತ್ತೆ, ಪೆಡಲ್ ಒಂದೇ. ಹಳೇ ಟ್ರ್ಯಾಕ್ಟರ್‌ಗೆ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬ್ರೇಕ್, ಪೆಡಲ್ ಎರಡು. ಎಡ ಪೆಡಲ್ ಎಡ ಚಕ್ರಕ್ಕೆ, ಬಲ ಪೆಡಲ್ ಬಲ ಚಕ್ರಕ್ಕೆ. ಯಾಕೆ ಹೀಗೆ? ಉಳುಮೆ ಮಾಡ್ತಾ ಬದುವಿನ ಹತ್ತಿರ ಬಂದಾಗ ಒಂದು ಚಕ್ರ ಹಿಡಿದರೆ ಗಾಡಿ ನಿಂತ ಜಾಗದಲ್ಲೇ ಗಿರ್ರನೆ ತಿರುಗುತ್ತೆ. ಹೊಲದಲ್ಲಿ ಬ್ರೇಕ್‌ಗೆ ಮುಖ್ಯ ಕೆಲಸ ಅದೇ.

ರಸ್ತೆಯಲ್ಲಿ ಅದೇ ಗುಣ ಅಪಾಯ. ವೇಗದಲ್ಲಿ ಒಂದೇ ಪೆಡಲ್ ಒತ್ತಿದರೆ ಟ್ರ್ಯಾಕ್ಟರ್ ಒಂದು ಪಕ್ಕಕ್ಕೆ ಎಳೆಯುತ್ತೆ, ಹಿಂದಿನ ಟ್ಯಾಂಕರ್ ಅದನ್ನ ಇನ್ನಷ್ಟು ತಳ್ಳುತ್ತೆ. ಗಾಡಿ ಮಡಚಿಕೊಳ್ಳಬಹುದು, ಮಗುಚಬಹುದು. ಅದಕ್ಕೇ ಎರಡೂ ಪೆಡಲ್ ಜೋಡಿಸೋ ಒಂದು ಲಾಕ್ ಪಟ್ಟಿ ಕೊಟ್ಟಿರ್ತಾರೆ. ರಸ್ತೆಗೆ ಇಳಿಯೋ ಮೊದಲು ಅದನ್ನ ಹಾಕಲೇಬೇಕು. ಆದರೆ ಪಟ್ಟಿ ಹಾಕಿದರೆ ಸಾಲದು. ಎರಡೂ ಕಡೆಯ ಬ್ರೇಕ್ ಒಂದೇ ಸಮ ಹಿಡಿಯದಿದ್ದರೆ, ಪಟ್ಟಿ ಹಾಕಿಯೂ ನೀವು ಒಂದೇ ಚಕ್ರಕ್ಕೆ ಬ್ರೇಕ್ ಹಾಕಿದ ಹಾಗೇ.

ಎಂಟು ಟನ್‌ನ ಲೆಕ್ಕ

ನಾನು ಓದಿದ್ದು ಬಿ.ಕಾಂ., ಹಾಗಾಗಿ ಅಂಕಿ ಹಾಕಿ ನೋಡದೆ ಸಮಾಧಾನ ಇಲ್ಲ. 5,000 ಲೀಟರ್ ನೀರು ಅಂದ್ರೆ 5 ಟನ್. ಟ್ರ್ಯಾಕ್ಟರ್ ಸುಮಾರು 1.8 ಟನ್, ಖಾಲಿ ಟ್ಯಾಂಕರ್ 1.2 ಟನ್ ಅಂತ ಇಟ್ಕೊಳ್ಳಿ. ಒಟ್ಟು 8 ಟನ್. ಇದರಲ್ಲಿ ಬ್ರೇಕ್ ಇರೋ ಹಿಂದಿನ ಚಕ್ರಗಳ ಮೇಲೆ ಬೀಳೋ ಭಾರ ಅಂದಾಜು 1.7 ಟನ್. ಬಹಳಷ್ಟು ಟ್ಯಾಂಕರ್‌ಗೆ ತನ್ನದೇ ಬ್ರೇಕ್ ಇರಲ್ಲ. ಅಂದ್ರೆ 1.7 ಟನ್‌ನ ಹಿಡಿತದಲ್ಲಿ 8 ಟನ್ ನಿಲ್ಲಬೇಕು.

ಒಣ ಡಾಂಬರು ರಸ್ತೆ, ಗಂಟೆಗೆ 20 ಕಿ.ಮೀ. ವೇಗ, ಎರಡೂ ಬ್ರೇಕ್ ಚೆನ್ನಾಗಿವೆ ಅಂದ್ರೆ ನಿಲ್ಲೋಕೆ ಸುಮಾರು 12 ಮೀಟರ್ ಬೇಕು. ವೇಗ 30 ಆದರೆ 28 ಮೀಟರ್. 20 ಮೀಟರ್‌ಗೆ 1 ಮೀಟರ್ ಇಳಿಯೋ ರಸ್ತೆಯಲ್ಲಿ, 20 ಕಿ.ಮೀ. ವೇಗಕ್ಕೇ 20 ಮೀಟರ್. ಈಗ ಒಂದು ಕಡೆ ಬ್ರೇಕ್ ಕೆಲಸ ಮಾಡ್ತಿಲ್ಲ ಅಂತ ಇಟ್ಕೊಳ್ಳಿ. ಸಮತಟ್ಟಲ್ಲಿ 25 ಮೀಟರ್. ಅದೇ ಇಳಿಜಾರಲ್ಲಿ 100 ಮೀಟರ್ ದಾಟುತ್ತೆ! ಡ್ರೈವರ್ ಕಾಲು ಪೆಡಲ್‌ಗೆ ಹೋಗೋ ಸಮಯ ಇದರಲ್ಲಿ ಸೇರಿಲ್ಲ. ಇದು ಅಂದಾಜು ಲೆಕ್ಕ, ಆದರೆ ಒಂದು ವಿಷಯ ಸ್ಪಷ್ಟ: ಒಂದು ಬ್ರೇಕ್ ಹೋದರೆ ನಷ್ಟ ಅರ್ಧ ಅಲ್ಲ, ಇಳಿಜಾರಲ್ಲಿ ಹೆಚ್ಚುಕಮ್ಮಿ ಪೂರ್ತಿ. ಕುಂದಲಹಳ್ಳಿ ಅಂಡರ್‌ಪಾಸ್‌ಗೆ ಇಳಿಯುವಾಗ ನಿಮ್ಮ ಹಿಂದೆ ಏನಿದೆ ಅಂತ ಯೋಚಿಸಿ.

ಅಡ್ಜಸ್ಟ್ ಮಾಡೋದು ಹೇಗೆ

ಮೊದಲು ಯಾವ ಬ್ರೇಕ್ ಅಂತ ತಿಳ್ಕೊಳ್ಳಿ. ಒಂದೇ ಹೆಸರಿನ ಗಾಡಿಯಲ್ಲೂ ವರ್ಷದಿಂದ ವರ್ಷಕ್ಕೆ ಬ್ರೇಕ್ ಬದಲಾಗಿರುತ್ತೆ. ಹಳೇ ಮ್ಯಾಸಿ 35ರ ಥರದವಕ್ಕೆ ಡ್ರಮ್ ಮತ್ತು ಶೂ, ಹಳೇ ಮಹೀಂದ್ರ ಬಿ-275ರ ಥರದವಕ್ಕೆ ಒಣ ಡಿಸ್ಕ್. ಆಮೇಲಿನವಕ್ಕೆ ಎಣ್ಣೆಯಲ್ಲಿ ಮುಳುಗಿರೋ ಬ್ರೇಕ್.

ಡ್ರಮ್ ಬ್ರೇಕ್ ನೋಡೋಣ. ಟ್ಯಾಂಕರ್ ಬಿಚ್ಚಿ, ಗಟ್ಟಿ ಸಮತಟ್ಟು ನೆಲದಲ್ಲಿ ನಿಲ್ಲಿಸಿ. ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಕಲ್ಲು ಕೊಡಿ. ಗೇರ್ ನ್ಯೂಟ್ರಲ್, ಪಾರ್ಕಿಂಗ್ ಬ್ರೇಕ್ ಸಡಿಲ. ಒಂದು ಕಡೆಯ ಹಿಂದಿನ ಚಕ್ರವನ್ನ ಜಾಕ್‌ನಿಂದ ಎತ್ತಿ, ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಕೈ ಹಾಕಬೇಡಿ.

ಡ್ರಮ್‌ನ ಒಳಬದಿಯ ಪ್ಲೇಟಲ್ಲಿ ಮುಚ್ಚಳ ಇರೋ ಒಂದು ಕಿಂಡಿ ಇರುತ್ತೆ. ಅದರೊಳಗೆ ಹಲ್ಲಿನ ಚಕ್ರದ ಥರ ಅಡ್ಜಸ್ಟರ್. ಸ್ಕ್ರೂಡ್ರೈವರ್‌ನಿಂದ ಹಲ್ಲು ಹಲ್ಲಾಗಿ ತಿರುಗಿಸ್ತಾ, ಚಕ್ರ ಕೈಯಲ್ಲಿ ತಿರುಗದಷ್ಟು ಬಿಗಿ ಮಾಡಿ. ಆಮೇಲೆ, ಉಜ್ಜದೆ ಸಲೀಸಾಗಿ ತಿರುಗೋವರೆಗೂ ಸಡಿಲ ಬಿಡಿ. ಇನ್ನೊಂದು ಕಡೆಗೂ ಹೀಗೇ. ಕೊನೆಗೆ ಎರಡೂ ಪೆಡಲ್ ಒಂದೇ ಎತ್ತರದಲ್ಲಿರಬೇಕು, ಒಂದೇ ಆಳಕ್ಕೆ ಇಳಿಯಬೇಕು, ಲಾಕ್ ಪಟ್ಟಿ ಸುತ್ತಿಗೆ ಏಟಿಲ್ಲದೆ ಕೂರಬೇಕು. ಪೆಡಲ್‌ನ ರಾಡ್ ಗಿಡ್ಡ ಮಾಡಿ ಸರಿ ಮಾಡೋ ಅಡ್ಡದಾರಿ ಬೇಡ. ಅದು ಸವೆದ ಲೈನರನ್ನ ಮುಚ್ಚಿಡುತ್ತೆ ಅಷ್ಟೇ.

ಒಣ ಡಿಸ್ಕ್‌ನಲ್ಲಿ ಅಡ್ಜಸ್ಟ್ ಮಾಡೋದು ಹೊರಗಿನ ರಾಡ್‌ನ ನಟ್‌ನಿಂದಲೇ. ಒಳಗೆ ಎರಡು ಪ್ಲೇಟ್ ನಡುವೆ ಉಕ್ಕಿನ ಗುಂಡುಗಳಿರ್ತವೆ. ರಾಡ್ ಎಳೆದಾಗ ಗುಂಡುಗಳು ಇಳಿಜಾರು ಕುಳಿಗಳಿಂದ ಮೇಲೆ ಹತ್ತಿ ಪ್ಲೇಟ್‌ಗಳನ್ನ ದೂರ ತಳ್ಳುತ್ತವೆ, ಡಿಸ್ಕ್ ಬಿಗಿಯಾಗುತ್ತೆ. ಕುಳಿಗೆ ತುಕ್ಕು ಹಿಡಿದರೆ ನಟ್ ಎಷ್ಟು ಬಿಗಿ ಮಾಡಿದರೂ ಪ್ರಯೋಜನ ಇಲ್ಲ, ಬಿಚ್ಚಲೇಬೇಕು.

ಈಗ ಪರೀಕ್ಷೆ. ಖಾಲಿ ಮಣ್ಣು ಮೈದಾನ, ಟ್ಯಾಂಕರ್ ಇಲ್ಲ, ಪೆಡಲ್ ಲಾಕ್ ಹಾಕಿದೆ, ನಿಧಾನ ವೇಗ. ಗಟ್ಟಿಯಾಗಿ ಬ್ರೇಕ್ ಒತ್ತಿ, ಇಳಿದು ನೆಲದ ಗುರುತು ನೋಡಿ. ಎರಡೂ ಟೈರ್ ಎಳೆದ ಗುರುತು ಒಂದೇ ಉದ್ದ ಇರಬೇಕು. ಒಂದು ಕಡೆ ಉದ್ದ ಇದ್ದರೆ ಆ ಕಡೆಯನ್ನ ಒಂದು ಹಲ್ಲು ಸಡಿಲ ಮಾಡಿ ಮತ್ತೆ ನೋಡಿ.

ಅಡ್ಜಸ್ಟ್ ಮಾಡಿದರೂ ಹಿಡಿಯಲ್ಲ ಅಂದ್ರೆ

ಮೊದಲ ಅನುಮಾನ ಆಯಿಲ್ ಸೀಲ್ ಮೇಲೆ. ಹಿಂದಿನ ಆಕ್ಸಲ್ ಸೀಲ್ ಸವೆದರೆ ಗೇರ್ ಆಯಿಲ್ ಲೈನರ್ ಮೇಲೆ ಇಳಿಯುತ್ತೆ. ಪೆಟ್ರೋಲಲ್ಲಿ ತೊಳೆದು, ಸ್ಯಾಂಡ್ ಪೇಪರ್ ಹೊಡೆದು ವಾಪಸ್ ಹಾಕಿದರೆ ನಾಲ್ಕು ದಿನ ಹಿಡಿಯುತ್ತೆ. ಲೈನರ್ ಕುಡಿದ ಎಣ್ಣೆ ಬಿಸಿಗೆ ಮತ್ತೆ ಹೊರಗೆ ಬರುತ್ತೆ. ಸೀಲ್ ಬದಲಾಯಿಸಿ, ಆಮೇಲೆ ಎರಡೂ ಕಡೆಗೆ ಒಟ್ಟಿಗೆ ಹೊಸ ಲೈನರ್ ಹಾಕಿ. ಒಂದೇ ಕಡೆ ಹೊಸದು ಹಾಕಿದರೆ ಹಿಡಿತ ಮತ್ತೆ ಏರುಪೇರು. ರಿವಿಟ್ ತಲೆ ಡ್ರಮ್ ಮುಟ್ಟೋವರೆಗೂ ಕಾದರೆ ಡ್ರಮ್‌ಗೆ ಗೀರು ಬಿದ್ದು ಲೇತ್ ಕೆಲಸ ಸೇರುತ್ತೆ.

ಒಂದು ಎಚ್ಚರಿಕೆ. ಹಳೇ ಲೈನರ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು. ಡ್ರಮ್ ತೆಗೆದ ಕೂಡಲೇ ಕಂಪ್ರೆಸರ್‌ನಿಂದ ಗಾಳಿ ಹೊಡೆದು ಧೂಳು ಹಾರಿಸಬೇಡಿ. ಅದು ಹೋಗೋದು ಶ್ವಾಸಕೋಶಕ್ಕೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಮಾಸ್ಕ್ ಹಾಕ್ಕೊಳ್ಳಿ.

ಓಡಿಸೋರಿಗೆ ಎರಡು ಮಾತು. ಡೀಸೆಲ್ ಉಳಿಸೋಕೆ ಅಂತ ಇಳಿಜಾರಲ್ಲಿ ನ್ಯೂಟ್ರಲ್ ಮಾಡಬೇಡಿ. ಇಳಿಯೋ ಮೊದಲೇ ಕೆಳ ಗೇರ್‌ಗೆ ಹಾಕಿ, ಇಂಜಿನ್ನೇ ಅರ್ಧ ಬ್ರೇಕ್. ಅರ್ಧ ತುಂಬಿದ ಟ್ಯಾಂಕರ್ ಹಗುರ ಅಂತ ಮೈಮರೆಯಬೇಡಿ. ಒಳಗೆ ಅಡ್ಡ ತಡೆಪ್ಲೇಟ್ ಇಲ್ಲದಿದ್ದರೆ, ಬ್ರೇಕ್ ಒತ್ತಿದಾಗ ನೀರು ಮುಂದಕ್ಕೆ ನುಗ್ಗಿ ಬಡಿಯುತ್ತೆ.

ಇದು ಯಾರ ಜವಾಬ್ದಾರಿ?

2024ರ ಮಾರ್ಚ್‌ನಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಟ್ಯಾಂಕರ್ ದರ ನಿಗದಿ ಮಾಡಿತು. 5 ಕಿ.ಮೀ. ಒಳಗೆ 6,000 ಲೀಟರ್‌ಗೆ 600 ರೂಪಾಯಿ. ಟ್ರಿಪ್ ಲೆಕ್ಕದಲ್ಲಿ ದುಡಿಯೋ ಗಾಡಿಗೆ ಬ್ರೇಕ್ ಬಿಚ್ಚಿ ನಿಲ್ಲಿಸೋದು ಅಂದ್ರೆ ಆ ದಿನದ ಟ್ರಿಪ್‌ಗಳು ಹೋದ ಹಾಗೆ. ಬೇಸಿಗೆಯಲ್ಲಿ ನಾವೇ ಬೇಗ ಕಳಿಸಿ ಅಂತ ಫೋನ್ ಮೇಲೆ ಫೋನ್ ಮಾಡ್ತೀವಿ. ಅಂದ್ರೆ ಆ ರಿಪೇರಿ ಮುಂದಕ್ಕೆ ಹೋಗೋದರಲ್ಲಿ ನೀರು ತರಿಸೋ ನಮ್ಮದೂ ಪಾಲಿದೆ.

ಹಾಗಾಗಿ ಅಪಾರ್ಟ್‌ಮೆಂಟ್ ಸಂಘದವರು, ಪಿಜಿ ನಡೆಸೋರು ಗೇಟಲ್ಲೇ ಮೂರು ವಿಷಯ ನೋಡಿ. ಪೆಡಲ್ ಲಾಕ್ ಹಾಕಿದೆಯಾ? ಎರಡೂ ಪೆಡಲ್ ಒಂದೇ ಮಟ್ಟದಲ್ಲಿವೆಯಾ? ಹಿಂದಿನ ಚಕ್ರದ ಒಳಬದಿಯಲ್ಲಿ ಎಣ್ಣೆ ಇಳಿದ ಕಲೆ ಇದೆಯಾ? ಅರ್ಧ ನಿಮಿಷದ ಕೆಲಸ. ಸರಿ ಇಲ್ಲ ಅಂದ್ರೆ ಡ್ರೈವರ್ ಮೇಲೆ ಕೂಗಾಡಬೇಡಿ, ಗಾಡಿ ಬಹುಪಾಲು ಅವರದ್ದಲ್ಲ. ಮಾಲೀಕರಿಗೆ ಫೋನ್ ಮಾಡಿ, ನಾಳೆ ನೀರು ಅರ್ಧ ದಿನ ತಡ ಆದರೂ ಪರವಾಗಿಲ್ಲ, ಬ್ರೇಕ್ ಮಾಡಿಸಿ ಕಳಿಸಿ ಅಂತ ಹೇಳಿ. ಆ ಮಾತು ಗಿರಾಕಿ ಬಾಯಿಂದ ಬಂದರೆ ರಿಪೇರಿ ಬೇಗ ಆಗುತ್ತೆ.