ರೈಲು ಹೋಯಿತು, ದಾರಿ ಉಳಿಯಿತು



ಸೈಕಲ್ ತುಳಿಯುವ ನಿಮಗೆಲ್ಲ ಒಂದು ವಿಷಯ ಚೆನ್ನಾಗಿ ಗೊತ್ತು. ಸಮತಟ್ಟಾದ ರಸ್ತೆಯಲ್ಲಿ ಹಾಡು ಹೇಳಿಕೊಂಡು ಹೋಗಬಹುದು. ದಿಬ್ಬ ಬಂತೆಂದರೆ ಹಾಡು ನಿಂತು ಏದುಸಿರು ಶುರುವಾಗುತ್ತದೆ. ಸೀಟಿನಿಂದ ಎದ್ದು ನಿಂತು ತುಳಿಯಬೇಕು. ದಿಬ್ಬ ಇನ್ನೂ ಕಡಿದಾದರೆ ಇಳಿದು ತಳ್ಳಬೇಕು. ಹೀಗಿರುವಾಗ ಒಂದು ಬೆಟ್ಟಸಾಲನ್ನೇ ದಾಟಿ 240 ಕಿಲೋಮೀಟರ್ ದೂರ ಸೈಕಲ್‌ನಲ್ಲಿ ಹೋಗಲು ಸಾಧ್ಯವೆ? ಅದೂ ಇಳಿದು ತಳ್ಳದೆ?

ಸಾಧ್ಯ. ಅಮೆರಿಕ ದೇಶದಲ್ಲಿ ಅಂಥದೊಂದು ದಾರಿ ಇದೆ. ಅದರ ಹೆಸರು ‘ಗ್ರೇಟ್ ಅಲೆಗೇನಿ ಪ್ಯಾಸೇಜ್’. ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್ ನಗರದಿಂದ ಹೊರಟು, ಅಲೆಗೇನಿ ಬೆಟ್ಟಗಳನ್ನು ದಾಟಿ, ಮೇರಿಲ್ಯಾಂಡ್ ರಾಜ್ಯದ ಕಂಬರ್‌ಲ್ಯಾಂಡ್ ಎಂಬ ಊರನ್ನು ಅದು ಸೇರುತ್ತದೆ. ಇಲ್ಲಿ ಕಾರು, ಲಾರಿಗಳಿಗೆ ಪ್ರವೇಶವಿಲ್ಲ. ಸೈಕಲ್ ತುಳಿಯುವವರು, ಓಡುವವರು, ನಡೆಯುವವರು ಇದನ್ನು ಬಳಸುತ್ತಾರೆ. ನಿಮ್ಮ ವಯಸ್ಸಿನ ಮಕ್ಕಳೂ ಇದ್ದಾರೆ, ನಿಮ್ಮ ಅಜ್ಜ–ಅಜ್ಜಿಯ ವಯಸ್ಸಿನವರೂ ಇದ್ದಾರೆ. ಬೆಟ್ಟ ಹತ್ತುವುದು ಇವರಿಗೆಲ್ಲ ಹೇಗೆ ಸಾಧ್ಯವಾಯಿತು? ಉತ್ತರ ಅವರ ಕಾಲುಗಳಲ್ಲಿ ಇಲ್ಲ, ದಾರಿಯಲ್ಲಿದೆ. ಏಕೆಂದರೆ ಈ ದಾರಿಯನ್ನು ಮಾಡಿದ್ದು ಸೈಕಲ್ಲಿಗಾಗಿ ಅಲ್ಲ, ರೈಲಿಗಾಗಿ!

ರೈಲಿಗೆ ದಿಬ್ಬ ಕಂಡರೆ ಭಯ

ರೈಲಿನ ಚಕ್ರವೂ ಉಕ್ಕು, ಹಳಿಯೂ ಉಕ್ಕು. ಎರಡೂ ಗಟ್ಟಿ, ಎರಡೂ ನುಣುಪು. ಚಕ್ರವು ಹಳಿಯನ್ನು ಮುಟ್ಟುವ ಜಾಗ ಒಂದು ನಾಣ್ಯದಷ್ಟು ಮಾತ್ರ. ಆದ್ದರಿಂದ ಚಕ್ರ ಉರುಳುವಾಗ ಘರ್ಷಣೆ ತೀರಾ ಕಡಿಮೆ. ಒಂದು ಎಂಜಿನ್ನು ಹತ್ತಾರು ಬೋಗಿಗಳನ್ನು ಎಳೆಯಬಲ್ಲದಾದರೆ ಅದಕ್ಕೆ ಇದೇ ಕಾರಣ.

ಆದರೆ ಈ ಲಾಭದ ಜೊತೆಗೆ ಒಂದು ನಷ್ಟವೂ ಇದೆ. ಮೇಲೇರಬೇಕಾದರೆ ಚಕ್ರಕ್ಕೆ ಹಿಡಿತ ಬೇಕು. ಹಿಡಿತ ಕೊಡುವುದು ಘರ್ಷಣೆಯೇ. ನುಣುಪಾದ ಹಳಿಯ ಮೇಲೆ ಹಿಡಿತ ಕಡಿಮೆ. ಕಡಿದಾದ ಏರಿನಲ್ಲಿ ಎಂಜಿನ್ನಿನ ಚಕ್ರ ಇದ್ದಲ್ಲೇ ಗಿರಗಿರನೆ ತಿರುಗಿ ಜಾರುತ್ತದೆ. ಎಣ್ಣೆ ಚೆಲ್ಲಿದ ನೆಲದ ಮೇಲೆ ನಡೆಯಲು ಹೋದಂತೆ!

ಹಾಗಾಗಿ ರೈಲು ದಾರಿ ಮಾಡುವ ಎಂಜಿನಿಯರುಗಳು ದಿಬ್ಬವನ್ನು ನೇರವಾಗಿ ಹತ್ತಿಸುವುದಿಲ್ಲ. ನದಿಯ ಪಕ್ಕದಲ್ಲೇ ಬಳಸಿಕೊಂಡು ಹೋಗುತ್ತಾರೆ. ತಗ್ಗು ಬಂದರೆ ಸೇತುವೆ ಕಟ್ಟುತ್ತಾರೆ. ಬೆಟ್ಟ ಅಡ್ಡ ಬಂದರೆ ಸುರಂಗ ಕೊರೆಯುತ್ತಾರೆ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ರೈಲು ದಾರಿ ಅಷ್ಟೊಂದು ಸುರಂಗ, ಸೇತುವೆಗಳನ್ನು ದಾಟಿ ಹೋಗುವುದು ಇದೇ ಕಾರಣಕ್ಕೆ. ಅಷ್ಟು ಕಡಿದಾದ ಘಾಟಿಯಲ್ಲೂ ಹಳಿಯ ಏರು 50 ಮೀಟರಿಗೆ ಸುಮಾರು 1 ಮೀಟರ್ ಮಾತ್ರ.

ಅಲೆಗೇನಿ ಬೆಟ್ಟಗಳಲ್ಲೂ ಹೀಗೆಯೇ ಆಯಿತು. ವೆಸ್ಟರ್ನ್ ಮೇರಿಲ್ಯಾಂಡ್ ಎಂಬ ರೈಲು ಕಂಪನಿಯು ಬೆಟ್ಟಗಳ ನಡುವಿನ ತನ್ನ ಹೊಸ ಮಾರ್ಗವನ್ನು 1912ರಲ್ಲಿ ತೆರೆಯಿತು. ಅದಕ್ಕಾಗಿ ‘ಬಿಗ್ ಸ್ಯಾವೇಜ್’ ಎಂಬ ಬೆಟ್ಟದಲ್ಲಿ ಸುಮಾರು 1,000 ಮೀಟರ್ ಉದ್ದದ ಸುರಂಗ ಕೊರೆಯಲಾಯಿತು. ಕ್ಯಾಸಲ್‌ಮನ್ ನದಿಯ ಕಣಿವೆಯ ಮೇಲೆ ಸುಮಾರು 580 ಮೀಟರ್ ಉದ್ದದ ಸೇತುವೆ ಕಟ್ಟಲಾಯಿತು. ಮುಂದೆ 1975ರಲ್ಲಿ ಈ ಬೆಟ್ಟದ ಮಾರ್ಗದಲ್ಲಿ ರೈಲು ಓಡುವುದು ನಿಂತುಹೋಯಿತು. ಹಳಿ ಹೋದರೂ ಸುರಂಗ, ಸೇತುವೆ, ಸಮ ಮಾಡಿದ ನೆಲ ಉಳಿದವು. ಆ ನೆಲದ ಮೇಲೆ ಸುಣ್ಣಕಲ್ಲಿನ ಸಣ್ಣ ಪುಡಿಯನ್ನು ಹರಡಿ ಗಟ್ಟಿ ಮಾಡಿದರು. ಅದೇ ಇಂದಿನ ಸೈಕಲ್ ದಾರಿ.

ಲೆಕ್ಕ ಮಾಡಿ ನೋಡೋಣ

ಏರನ್ನು ಶೇಕಡಾದಲ್ಲಿ ಹೇಳುವುದು ರೂಢಿ. 100 ಮೀಟರ್ ಮುಂದೆ ಹೋಗುವಾಗ 1 ಮೀಟರ್ ಮೇಲೇರಿದರೆ ಅದು ಶೇ. 1ರ ಏರು. ನಿಮ್ಮ ಶಾಲೆಯ ಬಾಗಿಲಲ್ಲಿ ಗಾಲಿಕುರ್ಚಿಗಾಗಿ ಇಳಿಜಾರು ಕಟ್ಟೆ ಇದೆಯಲ್ಲವೆ? ಸಾಮಾನ್ಯವಾಗಿ ಅದನ್ನು 12ಕ್ಕೆ 1ರಂತೆ ಕಟ್ಟುತ್ತಾರೆ. ಅಂದರೆ ಶೇ. 8ಕ್ಕಿಂತ ಸ್ವಲ್ಪ ಹೆಚ್ಚು.

ಈಗ ಅಲೆಗೇನಿ ದಾರಿಗೆ ಬರೋಣ. ಅದರ ಅತಿ ಎತ್ತರದ ಜಾಗ ಸಮುದ್ರಮಟ್ಟದಿಂದ ಸುಮಾರು 729 ಮೀಟರ್ ಮೇಲಿದೆ. ಪಿಟ್ಸ್‌ಬರ್ಗ್ ಕಡೆಯಿಂದ ಹೊರಟರೆ ಸುಮಾರು 202 ಕಿ.ಮೀ. ದೂರದಲ್ಲಿ 510 ಮೀಟರ್ ಏರಬೇಕು. ಅಂದರೆ ಸರಾಸರಿ 400 ಮೀಟರಿಗೆ 1 ಮೀಟರ್. ಏರುತ್ತಿದ್ದೇವೆ ಎಂಬುದೇ ತಿಳಿಯುವುದಿಲ್ಲ! ಕಂಬರ್‌ಲ್ಯಾಂಡ್ ಕಡೆಯಿಂದ ಬಂದರೆ ಸುಮಾರು 38 ಕಿ.ಮೀ. ಒಳಗೆ 540 ಮೀಟರ್ ಏರಬೇಕು. ಅಂದರೆ ಸುಮಾರು 70 ಮೀಟರಿಗೆ 1 ಮೀಟರ್, ಶೇ. 1.4. ಇದು ಕಷ್ಟದ ಕಡೆ. ಆದರೂ ನಿಮ್ಮ ಶಾಲೆಯ ಇಳಿಜಾರು ಕಟ್ಟೆಗಿಂತ ಇದು ಎಷ್ಟೋ ಸುಲಭ.

ಈ ಎತ್ತರದ ಜಾಗಕ್ಕೆ ಇನ್ನೊಂದು ವಿಶೇಷವಿದೆ. ಅದರ ಒಂದು ಬದಿಗೆ ಬಿದ್ದ ಮಳೆನೀರು ನದಿಗಳ ಮೂಲಕ ಮೆಕ್ಸಿಕೊ ಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಬದಿಗೆ ಬಿದ್ದದ್ದು ಅಟ್ಲಾಂಟಿಕ್ ಸಾಗರದ ಕಡೆಗೆ ಹೋಗುತ್ತದೆ. ನಮ್ಮ ಪಶ್ಚಿಮ ಘಟ್ಟದ ನೆತ್ತಿಯಲ್ಲೂ ಹೀಗೆಯೇ ನೀರು ಅರಬ್ಬಿ ಸಮುದ್ರಕ್ಕೆ ಮತ್ತು ಬಂಗಾಳ ಕೊಲ್ಲಿಗೆ ಬೇರೆ ಬೇರೆಯಾಗುತ್ತದೆ.

ಕೆಲಸ ಅಷ್ಟೇ, ಸಮಯ ಬೇರೆ

ಇಲ್ಲಿ ಒಂದು ಪ್ರಶ್ನೆ. ನಿಧಾನವಾಗಿ ಏರಿದರೂ, ಕಡಿದಾಗಿ ಏರಿದರೂ ಎತ್ತರ ಅಷ್ಟೇ ತಾನೆ? ಹಾಗಾದರೆ ಲಾಭವೇನು?

ಸರಿಯಾದ ಪ್ರಶ್ನೆ. ಮಗುವಿನ ತೂಕ 40 ಕೆ.ಜಿ., ಸೈಕಲ್ಲಿನ ತೂಕ 15 ಕೆ.ಜಿ. ಎಂದುಕೊಳ್ಳಿ. ಒಟ್ಟು 55 ಕೆ.ಜಿ.ಯನ್ನು 540 ಮೀಟರ್ ಮೇಲಕ್ಕೆ ಎತ್ತಲು ಸುಮಾರು 3 ಲಕ್ಷ ಜೂಲ್ ಕೆಲಸ ಆಗಬೇಕು. ದಾರಿ ಯಾವುದಾದರೂ ಇದರಲ್ಲಿ ರಿಯಾಯಿತಿ ಇಲ್ಲ. ಗುರುತ್ವಕ್ಕೆ ದಾಕ್ಷಿಣ್ಯವಿಲ್ಲ! ಆದರೆ ಪ್ರತಿ ಸೆಕೆಂಡಿಗೆ ಎಷ್ಟು ಕೆಲಸ ಮಾಡಬೇಕು ಎಂಬುದು ಬದಲಾಗುತ್ತದೆ. ಗಂಟೆಗೆ 10 ಕಿ.ಮೀ. ವೇಗದಲ್ಲಿ ಶೇ. 1.4ರ ಏರನ್ನು ಹತ್ತುವಾಗ ಗುರುತ್ವದ ವಿರುದ್ಧ ಸೆಕೆಂಡಿಗೆ ಸುಮಾರು 22 ಜೂಲ್, ಅಂದರೆ 22 ವಾಟ್ ಸಾಕು. ಅದೇ ವೇಗದಲ್ಲಿ ಶೇ. 10ರ ದಿಬ್ಬ ಹತ್ತಲು ಸುಮಾರು 150 ವಾಟ್ ಬೇಕು. 22 ವಾಟ್ ಕೊಡುತ್ತಾ ಗಂಟೆಗಟ್ಟಲೆ ತುಳಿಯಬಹುದು. 150 ವಾಟ್ ಕೊಡಹೊರಟರೆ ಸ್ವಲ್ಪ ಹೊತ್ತಿಗೇ ಕಾಲು ಸೋಲುತ್ತದೆ. ನೂರು ಕೊಡ ನೀರನ್ನು ಒಂದೇ ಗಂಟೆಯಲ್ಲಿ ಸೇದುವುದಕ್ಕೂ ದಿನವಿಡೀ ಸೇದುವುದಕ್ಕೂ ಇರುವ ವ್ಯತ್ಯಾಸ ಇದು.

ನಮ್ಮ ಸ್ನಾಯುಗಳು ಆಹಾರದ ಶಕ್ತಿಯಲ್ಲಿ ಸುಮಾರು ಕಾಲು ಭಾಗವನ್ನು ಮಾತ್ರ ಕೆಲಸವಾಗಿ ಮಾಡುತ್ತವೆ. ಉಳಿದದ್ದು ಶಾಖವಾಗುತ್ತದೆ. ಆದ್ದರಿಂದಲೇ ಮೈ ಬಿಸಿಯಾಗಿ ಬೆವರುತ್ತದೆ. ಬೆವರು ಆವಿಯಾಗುವಾಗ ಶಾಖವನ್ನು ಹೊತ್ತೊಯ್ಯುತ್ತದೆ. ಹೀಗೆ ಲೆಕ್ಕ ಹಾಕಿದರೆ, ಆ ಬೆಟ್ಟ ಏರಲು ಮಾತ್ರವೇ ಸುಮಾರು 3 ಬಾಳೆಹಣ್ಣಿನ ಶಕ್ತಿ ಬೇಕು. ಗಾಳಿಯ ತಡೆ, ಚಕ್ರದ ಘರ್ಷಣೆ ಇವಕ್ಕೆ ಬೇರೆ. ಗಾಳಿಯ ತಡೆ ಅಂತೂ ವೇಗ ಎರಡರಷ್ಟಾದರೆ ನಾಲ್ಕರಷ್ಟಾಗುತ್ತದೆ. ದೂರ ಹೋಗುವವರು ನಿಧಾನವಾಗಿ ತುಳಿಯುವುದು, ನೀರು ಮತ್ತು ತಿಂಡಿಯನ್ನು ಜೊತೆಗೆ ಒಯ್ಯುವುದು ಇದಕ್ಕೇ.

ಓಡುವವರ ಪಾಡೇನು?

ಒಂದು ಕಿಲೋಮೀಟರ್ ಓಡಲು ಬೇಕಾದ ಶಕ್ತಿಯ ಮೂರನೇ ಒಂದು ಭಾಗದಷ್ಟರಲ್ಲಿ ಅಥವಾ ಇನ್ನೂ ಕಡಿಮೆಯಲ್ಲಿ, ಸಮತಟ್ಟು ದಾರಿಯಲ್ಲಿ ಅಷ್ಟೇ ದೂರ ಸೈಕಲ್ ತುಳಿಯಬಹುದು. ಏಕೆ? ಓಡುವಾಗ ಪ್ರತಿ ಹೆಜ್ಜೆಗೂ ಇಡೀ ಮೈ ಮೇಲೆದ್ದು ಕೆಳಗಿಳಿಯುತ್ತದೆ. ಪಾದ ನೆಲಕ್ಕೆ ಬಡಿದಾಗ ದೇಹದ ತೂಕದ ಎರಡು ಮೂರು ಪಟ್ಟು ಬಲ ಕಾಲಿನ ಮೇಲೆ ಬೀಳುತ್ತದೆ. ಸೈಕಲ್ಲಿನಲ್ಲಿ ಮೈಯ ಭಾರವನ್ನು ಸೀಟು ಹೊರುತ್ತದೆ. ಕಾಲಿಗೆ ತುಳಿಯುವುದಷ್ಟೇ ಕೆಲಸ.

ಹಾಗಾಗಿ ಓಡುವವರಿಗೂ ಸಮತಟ್ಟು ದಾರಿಯೇ ಇಷ್ಟ. ಕಂಬರ್‌ಲ್ಯಾಂಡ್‌ನಿಂದ ಮುಂದಕ್ಕೆ ಅಂಥದೇ ಇನ್ನೊಂದು ದಾರಿ ಇದೆ. ಅದು ಹಳೆಯ ‘ಚೆಸಪೀಕ್ ಮತ್ತು ಒಹಾಯೊ’ ಕಾಲುವೆಯ ದಂಡೆ. ಹೇಸರಗತ್ತೆಗಳು ಈ ದಂಡೆಯ ಮೇಲೆ ನಡೆಯುತ್ತಾ ನೀರಿನಲ್ಲಿದ್ದ ದೋಣಿಗಳನ್ನು ಹಗ್ಗದಿಂದ ಎಳೆಯುತ್ತಿದ್ದವು. ಕಾಲುವೆಯ ನೀರು ಮಟ್ಟವಾಗಿರಬೇಕು. ಆದ್ದರಿಂದ ದಂಡೆಯೂ ಮಟ್ಟ. 1924ರಲ್ಲಿ ಕಾಲುವೆಯ ದೋಣಿ ಸಂಚಾರ ನಿಂತಿತು. ದಂಡೆ ಉಳಿಯಿತು. ಇದು ವಾಷಿಂಗ್ಟನ್ ನಗರದವರೆಗೆ ಸುಮಾರು 297 ಕಿ.ಮೀ. ಇದೆ. ಎರಡೂ ದಾರಿ ಸೇರಿದರೆ ಸುಮಾರು 537 ಕಿ.ಮೀ.! 1963ರಲ್ಲಿ ಆರಂಭವಾದ ‘ಜೆಎಫ್‌ಕೆ 50 ಮೈಲಿ’ ಎಂಬ ಪ್ರಸಿದ್ಧ ಓಟದಲ್ಲಿ ಸ್ಪರ್ಧಿಗಳು ಈ ದಂಡೆಯ ಮೇಲೆ ಸುಮಾರು 42 ಕಿ.ಮೀ. ಓಡುತ್ತಾರೆ.

ಸುರಂಗಕ್ಕೂ ಬಾಗಿಲು!

ಬಿಗ್ ಸ್ಯಾವೇಜ್ ಸುರಂಗದ ಎರಡೂ ತುದಿಗೆ ಬಾಗಿಲುಗಳಿವೆ. ಚಳಿಗಾಲದಲ್ಲಿ ಅವನ್ನು ಮುಚ್ಚಿಬಿಡುತ್ತಾರೆ. ಏಕೆ ಗೊತ್ತೆ? ಬೆಟ್ಟದ ನೀರು ಸುರಂಗದ ಗೋಡೆಯ ಬಿರುಕುಗಳಿಗೆ ಇಳಿಯುತ್ತದೆ. ಹೊರಗಿನ ಶೀತಗಾಳಿ ಒಳನುಗ್ಗಿದರೆ ಆ ನೀರು ಮಂಜುಗಡ್ಡೆಯಾಗುತ್ತದೆ. ನೀರು ಗಡ್ಡೆಕಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಹಾಗೆ ಹಿಗ್ಗಿದ ಮಂಜುಗಡ್ಡೆ ಬೆಣೆಯಂತೆ ಗೋಡೆಯನ್ನೇ ಸೀಳಬಲ್ಲದು. ಬಾಗಿಲು ಮುಚ್ಚಿದರೆ ಬೆಟ್ಟದ ಒಳಗಿನ ಬೆಚ್ಚನೆಯ ಗಾಳಿ ಒಳಗೇ ಉಳಿಯುತ್ತದೆ.

ಒಂದು ಕೊಂಡಿ ಕಳಚಿದರೆ?

ರೈಲು ನಿಂತ ಮಾರ್ಗಗಳೆಲ್ಲ ಹೀಗೆ ಉಳಿಯುವುದಿಲ್ಲ. ಸೇತುವೆಯ ಕಬ್ಬಿಣ ಗುಜರಿಗೆ ಹೋಗಬಹುದು. ಜಾಗ ತುಂಡು ತುಂಡಾಗಿ ಮಾರಾಟವಾಗಿ ಮನೆ, ಗೋದಾಮು ಏಳಬಹುದು. ಸರಪಳಿಯ ಒಂದು ಕೊಂಡಿ ಕಳಚಿದರೂ ಅದು ಸರಪಳಿಯಲ್ಲ. ಹಾಗೆಯೇ ಮಧ್ಯದಲ್ಲಿ ಒಂದು ಕಡೆ ಕಡಿದರೂ 240 ಕಿ.ಮೀ.ಗಳ ದಾರಿ ದಾರಿಯಾಗಿ ಉಳಿಯುವುದಿಲ್ಲ. ಮತ್ತೆ ಕಟ್ಟುವುದೆಂದರೆ ಹೊಸದಾಗಿ ಬೆಟ್ಟ ಕೊರೆದಂತೆಯೇ.

ಇದನ್ನು ಮನಗಂಡು 1983ರಲ್ಲಿ ಅಮೆರಿಕದ ಕಾನೂನಿಗೆ ಒಂದು ತಿದ್ದುಪಡಿ ತಂದರು. ಅದರಂತೆ, ರೈಲು ನಿಂತ ಮಾರ್ಗವನ್ನು ತುಂಡು ಮಾಡದೆ ನಡೆಯುವ, ಸೈಕಲ್ ತುಳಿಯುವ ದಾರಿಯಾಗಿ ಕಾಪಾಡಬಹುದು. ಮುಂದೆ ಬೇಕೆನಿಸಿದರೆ ಮತ್ತೆ ರೈಲನ್ನೂ ಓಡಿಸಬಹುದು. ಅಲೆಗೇನಿ ದಾರಿಯ ಮೊದಲ ಭಾಗ 1986ರಲ್ಲಿ ಒಹಾಯೊಪೈಲ್ ಎಂಬ ಊರಿನ ಬಳಿ ತೆರೆಯಿತು. ಅದರ ಉದ್ದ ಸುಮಾರು 15 ಕಿ.ಮೀ. ಮಾತ್ರ. ಆಮೇಲೆ ಊರೂರಿನ ಜನ, ಸ್ವಯಂಸೇವಕರು, ಸರ್ಕಾರ ಸೇರಿ ತುಂಡು ತುಂಡಾಗಿ ಜೋಡಿಸುತ್ತಾ ಹೋದರು. ದಾರಿ ಪೂರ್ಣವಾದದ್ದು 2013ರಲ್ಲಿ. 27 ವರ್ಷ ಹಿಡಿಯಿತು!

ದಾರಿ ಎಲ್ಲರದು

ಮೋಟಾರು ವಾಹನ ಇಲ್ಲವೆಂದ ಮಾತ್ರಕ್ಕೆ ಹೇಗೆ ಬೇಕಾದರೂ ಹೋಗಬಹುದೆ? ಇಲ್ಲ. ಅಲ್ಲಿ ಎಲ್ಲರೂ ಬಲಬದಿಯಲ್ಲಿ ಸಾಗಬೇಕು. ನಮ್ಮಲ್ಲಿ ಎಡಬದಿ ಎಂಬುದು ನೆನಪಿರಲಿ. ಮುಂದಿರುವವರನ್ನು ದಾಟುವ ಮೊದಲು ಬೆಲ್ ಮಾಡಬೇಕು ಅಥವಾ ಕೂಗಿ ಹೇಳಬೇಕು. ನಿಲ್ಲುವಾಗ ದಾರಿಯಿಂದ ಪಕ್ಕಕ್ಕೆ ಸರಿಯಬೇಕು. ಇಳಿಜಾರಿನಲ್ಲಂತೂ ಎಚ್ಚರ ಬೇಕೇ ಬೇಕು. ವೇಗ ಎರಡರಷ್ಟಾದರೆ ಚಲನಶಕ್ತಿ ನಾಲ್ಕರಷ್ಟಾಗುತ್ತದೆ. ಬ್ರೇಕ್ ಹಿಡಿದ ಮೇಲೆ ಸೈಕಲ್ ನಿಲ್ಲಲು ಬೇಕಾಗುವ ದೂರವೂ ನಾಲ್ಕರಷ್ಟಾಗುತ್ತದೆ. ತಲೆಗೆ ಹೆಲ್ಮೆಟ್, ಕತ್ತಲಿಗೆ ದೀಪ ಮರೆಯಬಾರದು.

ಮಾಡಿ ನೋಡಿ: ನಿಮ್ಮ ದಾರಿಯ ಏರು ಎಷ್ಟು?

ಬೇಕಾಗುವ ವಸ್ತುಗಳು: ಗಾರೆ ಕೆಲಸದವರು ಮಟ್ಟ ನೋಡಲು ಬಳಸುವಂಥ ಪಾರದರ್ಶಕ ಪೈಪು (10 ಮೀಟರಿಗಿಂತ ಸ್ವಲ್ಪ ಉದ್ದ), ನೀರು, ಅಳತೆಪಟ್ಟಿ.

1. ವಾಹನ ಓಡಾಡದ ಒಂದು ಇಳಿಜಾರು ಜಾಗವನ್ನು ಆರಿಸಿ. ಶಾಲೆಯ ಆವರಣವಾದರೆ ಒಳ್ಳೆಯದು. 10 ಮೀಟರ್ ಅಂತರದಲ್ಲಿ ಎರಡು ಗುರುತು ಹಾಕಿ.
2. ಪೈಪಿಗೆ ನೀರು ತುಂಬಿ. ಒಳಗೆ ಗಾಳಿಗುಳ್ಳೆ ಇರಬಾರದು.
3. ಇಬ್ಬರು ಒಂದೊಂದು ಗುರುತಿನ ಮೇಲೆ ಪೈಪಿನ ಒಂದೊಂದು ತುದಿಯನ್ನು ನೆಟ್ಟಗೆ ಹಿಡಿಯಿರಿ. ಎರಡೂ ಬಾಯಿ ತೆರೆದಿರಲಿ. ನೀರು ಅಲುಗಾಡುವುದು ನಿಲ್ಲಲಿ.
4. ಎರಡೂ ಕಡೆ ನೆಲದಿಂದ ನೀರಿನ ಮಟ್ಟದವರೆಗಿನ ಎತ್ತರವನ್ನು ಅಳೆಯಿರಿ.

ಒಂದು ಕಡೆ 90 ಸೆಂ.ಮೀ., ಇನ್ನೊಂದು ಕಡೆ 76 ಸೆಂ.ಮೀ. ಬಂತೆನ್ನಿ. ವ್ಯತ್ಯಾಸ 14 ಸೆಂ.ಮೀ. 10 ಮೀಟರಿಗೆ 14 ಸೆಂ.ಮೀ. ಎಂದರೆ 100 ಮೀಟರಿಗೆ 1.4 ಮೀಟರ್, ಅಂದರೆ ಶೇ. 1.4. ಅಲೆಗೇನಿ ಬೆಟ್ಟದ ಕಷ್ಟದ ಕಡೆಯ ಏರು ಇದೇ! ಯಾವ ತುದಿಯ ನೆಲ ಎತ್ತರದಲ್ಲಿದೆ, 90 ಬಂದದ್ದೋ 76 ಬಂದದ್ದೋ? ಯೋಚಿಸಿ.

ಹೀಗೆ ನಿಮ್ಮ ಊರಿನ ಬೇರೆ ಬೇರೆ ದಾರಿಗಳನ್ನು ಶಿಕ್ಷಕರೊಂದಿಗೆ ಅಳೆದು ಪಟ್ಟಿ ಮಾಡಿ. ಗಾಲಿಕುರ್ಚಿಯಲ್ಲಿ ಬರುವ ಗೆಳೆಯ, ಸೊಂಟ ನೋವಿನ ಅಜ್ಜಿ, ಸೈಕಲ್ ಕಲಿಯುತ್ತಿರುವ ತಂಗಿ, ಈ ಮೂವರೂ ಆಯಾಸವಿಲ್ಲದೆ ಹೋಗಬಹುದಾದ ದಾರಿ ಅವುಗಳಲ್ಲಿ ಯಾವುದು? ಅಂಥ ದಾರಿ ಒಂದಾದರೂ ಇದ್ದರೆ ಅದು ಕಡಿದುಹೋಗದಂತೆ ನೋಡಿಕೊಳ್ಳುವುದು ಊರಿನವರೆಲ್ಲರ ಕೆಲಸ. ರೈಲು ಓಡುತ್ತಿರುವ ಹಳಿಯ ಮೇಲೆ ಮಾತ್ರ ಎಂದೂ ನಡೆಯಬೇಡಿ, ಅಳೆಯಲೂ ಹೋಗಬೇಡಿ.